ಆಳುವವರು ಬದಲಾದ ನೆಲದಲ್ಲಿ ದೇವರ ರಾಜ್ಯ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನಕ್ಕೆ ರಾಜ್ಯ ಬದಲಾಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ವಿಜಯನಗರ ಬಿದ್ದ ಮೇಲೆ ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳಲ್ಲಿ ಪಾಳೆಯಗಾರರು ಆಳಿದರು. ಆಮೇಲೆ ಹೈದರ್ ಬಂದ, ಟಿಪ್ಪು ಬಂದ. ಟಿಪ್ಪುವಿನ ನಂತರ ಈ ಸೀಮೆ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಹೊಲ ಅಳೆಸಿದ, ಕಂದಾಯ ಗೊತ್ತುಮಾಡಿದ, ಪಾಳೆಯಗಾರರ ಬಲ ಮುರಿದ. ಅಲ್ಲಿಂದ ಒಂದೂವರೆ ಶತಮಾನ ನಮ್ಮ ಹಿರಿಯರು ಮದರಾಸಿನ ಕಡೆ ಮುಖಮಾಡಿ ಅರ್ಜಿ ಬರೆದರು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕು ಊರುಗಳ ಜೊತೆಗೆ ವಿಜಯನಗರ ಜಿಲ್ಲೆಯಲ್ಲಿ ಸೇರಿಕೊಂಡಿತು.

ಇಷ್ಟೆಲ್ಲ ಆದಾಗಲೂ ಊರ ಜನ ಕೇಳಿದ ಪ್ರಶ್ನೆ ಒಂದೇ. ಹೊಸ ಆಳ್ವಿಕೆಯಲ್ಲಿ ಬಡವನ ಮಾತು ಯಾರ ಕಿವಿಗೆ ಬೀಳುತ್ತದೆ? ಬರ ಬಂದ ವರ್ಷ ಕಂದಾಯ ಬಿಡುತ್ತಾರೆಯೇ? ಬಡ್ಡಿಗೆ ಹೋದ ಹೊಲ ತಿರುಗಿ ಬರುತ್ತದೆಯೇ? ಕ್ರೈಸ್ತರು ದೇವರ ರಾಜ್ಯ ಎಂದು ಹೇಳುವಾಗ ಏನು ಹೇಳುತ್ತಾರೆಂದು ತಿಳಿಯಬೇಕಾದರೆ ಈ ಪ್ರಶ್ನೆಗಳ ಹತ್ತಿರವೇ ನಿಂತು ಕೇಳಬೇಕು. ಯೇಸುವಿನ ಮಾತನ್ನು ಮೊದಲು ಕೇಳಿಸಿಕೊಂಡವರೂ ಇಂಥ ಪ್ರಶ್ನೆಗಳನ್ನು ಹೊತ್ತವರೇ ಆಗಿದ್ದರು.

ಗಲಿಲಾಯ ಎಂಬ ಆ ಚಿಕ್ಕ ಸೀಮೆ ಹೆರೋದ ಅಂತಿಪನ ಕೈಯಲ್ಲಿತ್ತು. ಅವನ ತಲೆಯ ಮೇಲೆ ರೋಮಿನ ಚಕ್ರವರ್ತಿಯಿದ್ದ. ರೈತ ಮೇಲಿನವನಿಗೂ ಕೊಡಬೇಕು, ಕೆಳಗಿನವನಿಗೂ ಕೊಡಬೇಕು, ದೇವಾಲಯಕ್ಕೂ ಸಲ್ಲಿಸಬೇಕು. ಸಾಲ ತೀರಿಸಲಾರದವನು ಹೊಲ ಬಿಟ್ಟು ಕೂಲಿಗೆ ನಿಲ್ಲುತ್ತಿದ್ದ. ಅಂಥ ಜನರ ನಡುವೆ ನಜರೇತಿನ ಬಡಗಿಯೊಬ್ಬ ಎದ್ದು ನಿಂತು, ದೇವರು ಆಳುವ ಕಾಲ ಹತ್ತಿರ ಬಂದಿದೆ, ಮನಸ್ಸು ತಿರುಗಿಸಿಕೊಳ್ಳಿ ಎಂದ. ಮತ್ತಾಯ, ಮಾರ್ಕ, ಲೂಕ ಬರೆದ ಮೂರೂ ಸುವಾರ್ತೆಗಳಲ್ಲಿ ಯೇಸು ಬೇರೆ ಯಾವ ವಿಷಯಕ್ಕಿಂತ ಹೆಚ್ಚಾಗಿ ಮಾತಾಡಿದ್ದು ಇದನ್ನೇ. ತನ್ನ ಬಗ್ಗೆ ಆತ ಕಡಿಮೆ ಹೇಳಿದ. ದೇವರ ಆಳ್ವಿಕೆಯ ಬಗ್ಗೆ ಹೊಲದಲ್ಲಿ, ದೋಣಿಯಲ್ಲಿ, ಊಟದ ಪಂಕ್ತಿಯಲ್ಲಿ, ದಾರಿಯಲ್ಲಿ ಬಿಡದೆ ಹೇಳಿದ.

ಹಾಗಿದ್ದೂ ಈ ಮಾತನ್ನು ಬಹಳ ಮಂದಿ ಸತ್ತ ಮೇಲೆ ಹೋಗುವ ಊರು ಎಂದೇ ತಿಳಿದಿದ್ದಾರೆ. ನಮ್ಮ ಕ್ರೈಸ್ತ ಸಭೆಗಳಲ್ಲಿಯೂ ಹಾಗೆ ತಿಳಿದವರಿದ್ದಾರೆ. ಸಾವಿನಾಚೆಯ ಭರವಸೆ ಕ್ರೈಸ್ತ ನಂಬಿಕೆಯ ಜೀವಾಳ, ಅದನ್ನು ನಾನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಆ ರಾಜ್ಯಕ್ಕೆ ಹೋಗಬೇಕೆಂಬ ಬೇಡಿಕೆಯೇ ಇಲ್ಲ. ಅದು ಇಲ್ಲಿಗೆ ಬರಬೇಕೆಂಬ ಬೇಡಿಕೆಯಿದೆ, ದೇವರ ಇಚ್ಛೆ ಮೇಲೆ ನಡೆಯುವ ಹಾಗೆ ಈ ಭೂಮಿಯಲ್ಲಿಯೂ ನಡೆಯಬೇಕೆಂಬ ಬೇಡಿಕೆಯಿದೆ. ಅದರ ಬೆನ್ನಿಗೇ ಇವತ್ತಿನ ರೊಟ್ಟಿ, ಅದರ ಹಿಂದೆ ಸಾಲದ ಹೊರೆಯಂಥ ತಪ್ಪುಗಳ ಕ್ಷಮೆ. ರೊಟ್ಟಿಯನ್ನು ಬಿಟ್ಟು ರಾಜ್ಯವನ್ನು ಬೇಡಲು ಯೇಸು ಕಲಿಸಲಿಲ್ಲ.

ನಜರೇತಿನ ಸಭಾಮಂದಿರದಲ್ಲಿ ಆತ ಯೆಶಾಯ ಪ್ರವಾದಿಯ ಸುರುಳಿಯನ್ನು ಬಿಚ್ಚಿ ಓದಿದ ಸಂಗತಿಯನ್ನು ಲೂಕ ಬರೆಯುತ್ತಾನೆ. ಬಡವರಿಗೆ ಶುಭವಾರ್ತೆ, ಸೆರೆಯಾದವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು, ಜಜ್ಜಿಹೋದವರಿಗೆ ಬಿಡುವು. ಇದೆಲ್ಲ ಇಂದೇ ನಿಮ್ಮ ಮುಂದೆ ನಡೆಯುತ್ತಿದೆ ಎಂದು ಆತ ಹೇಳಿದಾಗ ಊರವರು ಮೊದಲು ಮೆಚ್ಚಿದರು. ದೇವರ ದಯೆ ಪರದೇಶದವರಿಗೂ ಸಲ್ಲುತ್ತದೆ ಎಂದು ಮುಂದುವರಿಸಿದಾಗ ಅದೇ ಜನ ಗುಡ್ಡದಿಂದ ತಳ್ಳಲು ಎಳೆದೊಯ್ದರು. ಬಡವನಿಗೆ ನ್ಯಾಯ ಎಂಬ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ನಮ್ಮವನಲ್ಲದ ಬಡವನಿಗೂ ನ್ಯಾಯ ಎಂದಾಗ ತಲೆಗಳು ನಿಲ್ಲುತ್ತವೆ. ಅಂದಿನಿಂದ ಇಂದಿನವರೆಗೆ ದೇವರ ರಾಜ್ಯದ ಮಾತು ಇಲ್ಲಿಯೇ ಎಡವುತ್ತಾ ಬಂದಿದೆ.

ನಮ್ಮ ನೆಲ ಕೂಡ ನ್ಯಾಯದ ಅರಸನೊಬ್ಬನಿಗಾಗಿ ಕಾದ ನೆಲ. ಕನ್ನಡದ ಕಾಲಜ್ಞಾನ ಪರಂಪರೆಯಲ್ಲಿ ವೀರವಸಂತರಾಯನ ಮಾತು ಬರುತ್ತದೆ. ಲೋಕ ಕೆಟ್ಟು ಕೊನೆಗೆ ಬಂದಾಗ ಆತ ಬರುತ್ತಾನೆ, ಧರ್ಮದಿಂದ ಆಳುತ್ತಾನೆ ಎಂಬ ನಿರೀಕ್ಷೆ ಅದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಅಷ್ಟು ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಆತ ನುಡಿಯುವ ಒಂದು ಸಾಲಿನ ಕಾರಣಿಕದಲ್ಲಿ ಮಳೆಯನ್ನೂ ಬೆಳೆಯನ್ನೂ ಆಳುವವರ ಗತಿಯನ್ನೂ ಜನ ಹುಡುಕುತ್ತಾರೆ. ನಾನು ಆ ನಂಬಿಕೆಯವನಲ್ಲ. ಆದರೆ ಆ ಗಳಿಗೆಯ ಹಿಂದಿರುವ ಹಂಬಲ ನನಗೆ ಗೊತ್ತು. ಮುಂದಿನ ಕಾಲ ನಮ್ಮಂಥವರಿಗೆ ಒಳ್ಳೆಯದಾಗಲಿ ಎಂದು ರೈತನೊಬ್ಬ ತಲೆಯೆತ್ತಿ ನಿಲ್ಲುವುದನ್ನು ಯಾವ ಧರ್ಮದವನೂ ಹಗುರವಾಗಿ ನೋಡಬಾರದು.

ಈ ಕಾಯುವಿಕೆಯ ಚರಿತ್ರೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಒಂದು ವಿಚಿತ್ರ ಭೇಟಿ ಇದೆ. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಭಕ್ತ ಕ್ರೈಸ್ತರು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಬೈಬಲ್ ಪಂಡಿತನ ಲೆಕ್ಕವನ್ನು ನಂಬಿದ್ದರು. 1836ರಲ್ಲಿ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಗೆ ದಾರಿ ತೆರೆಯುತ್ತದೆ ಎಂಬುದು ಆ ಲೆಕ್ಕ. ಅಂಥ ಮನೆಗಳಲ್ಲಿ ಬೆಳೆದ ತರುಣರು ಬಾಸೆಲ್ ಮಿಶನ್ನಿನವರಾಗಿ 1834ರಲ್ಲಿ ಮಂಗಳೂರಿಗೆ ಬಂದಿಳಿದರು, ಮೂರು ವರ್ಷದಲ್ಲಿ ಧಾರವಾಡಕ್ಕೂ ಬಂದರು. ಬೆಂಗೆಲ್ ಹೇಳಿದ ವರ್ಷ ಬರಿದೇ ಕಳೆದಿತ್ತು. 1840ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡದ ಕಡೆ ಕಾಲಜ್ಞಾನವನ್ನು ನಂಬಿದ ಜನ ಇವರನ್ನು ಹುಡುಕಿಕೊಂಡು ಬಂದರು. ಬರಬೇಕಾದ ಧರ್ಮರಾಜ್ಯದ ಸುದ್ದಿ ಈ ಪರದೇಶದವರ ಬಾಯಲ್ಲಿ ಇರಬಹುದೇ ಎಂಬ ಆಸೆ ಅವರದು. ಸಾವಿರಾರು ಜನ ಒಟ್ಟಿಗೆ ಬರುತ್ತಾರೆಂದು ಮಿಶನರಿಗಳೂ ಆಸೆಪಟ್ಟರು. 1841ರಲ್ಲಿ ಗದಗಿನ ಬಳಿ ಮಲ್ಲಸಮುದ್ರದಲ್ಲಿ ಭೂಮಿ ಪಡೆದು ಒಂದು ಒಕ್ಕಲಿನ ನೆಲೆ ಕಟ್ಟಲು ಹೊರಟರು. ಬರುತ್ತಾರೆಂದುಕೊಂಡ ಜನ ಬರಲಿಲ್ಲ. ಎರಡು ಕಡೆಯವರೂ ಕಾದಿದ್ದರು, ಎರಡು ಕಡೆಯವರ ಲೆಕ್ಕವೂ ತಪ್ಪಿತು.

ಇದನ್ನು ಯಾರ ಸೋಲಿನ ಕಥೆಯಾಗಿಯೂ ನಾನು ಹೇಳುತ್ತಿಲ್ಲ. ಯೇಸುವಿನ ಎದುರಿಗೂ ಇದೇ ಪ್ರಶ್ನೆ ಬಂದಿತ್ತು. ದೇವರ ರಾಜ್ಯ ಯಾವಾಗ ಬರುತ್ತದೆ ಎಂದು ಫರಿಸಾಯರು ಕೇಳಿದರು. ಆತ ತಾರೀಖು ಕೊಡಲಿಲ್ಲ. ಅದೋ ಅಲ್ಲಿ, ಇದೋ ಇಲ್ಲಿ ಎಂದು ಬೆರಳು ಮಾಡಿ ತೋರಿಸುವಂಥದ್ದಲ್ಲ, ಅದು ನಿಮ್ಮ ನಡುವೆಯೇ ಇದೆ ಎಂದ. ಕುಷ್ಠ ಹತ್ತಿದವನನ್ನು ಮುಟ್ಟಿದಾಗ, ಊರು ದೂರವಿಟ್ಟ ಸುಂಕದವನ ಮನೆಯಲ್ಲಿ ಉಂಡಾಗ, ಹದಿನೆಂಟು ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಸಬ್ಬತ್ ದಿನವೆಂದೂ ನೋಡದೆ ನೆಟ್ಟಗೆ ನಿಲ್ಲಿಸಿದಾಗ ಆ ಆಳ್ವಿಕೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿತ್ತು. ಬರುವ ಅರಸನ ಮೆರವಣಿಗೆಯನ್ನು ಎದುರುನೋಡುತ್ತಿದ್ದವರಿಗೆ ಅದು ಕಾಣಲಿಲ್ಲ. ಆತ ಯೆರೂಸಲೇಮನ್ನು ಹೊಕ್ಕದ್ದು ಕತ್ತೆಯ ಮೇಲೆ. ಆತನಿಗೆ ಅರಸನೆಂಬ ಹೆಸರು ಬರೆದ ಹಲಗೆ ಸಿಕ್ಕಿದ್ದು ಶಿಲುಬೆಯ ಮೇಲೆ.

ಇನ್ನು ಒಂದು ಸಾಮ್ಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯೇಸು ಹೇಳಿದ ಕಥೆಗಳಲ್ಲಿ ಈ ಸೀಮೆಗೆ ಇದಕ್ಕಿಂತ ಹತ್ತಿರದ್ದು ನನಗೆ ಬೇರೆ ಕಾಣದು.

ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಆಳು ಹುಡುಕಲು ಪೇಟೆಗೆ ಹೋಗುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಎಂದು ಮಾತಾಗುತ್ತದೆ. ಒಂದು ದಿನ ಒಂದು ಸಂಸಾರ ಹೊಟ್ಟೆ ಹೊರೆಯಲು ಬೇಕಾದಷ್ಟು ಕೂಲಿ ಅದು. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇದ್ದಾರೆ. ಏಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ಯಾರೂ ಕೂಲಿಗೆ ಕರೆದಿಲ್ಲ ಎನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾನೆ. ಹೊತ್ತು ಮುಳುಗಿದಾಗ ಕೊನೆಗೆ ಬಂದವರಿಂದ ಶುರುಮಾಡಿ ಎಲ್ಲರಿಗೂ ಒಂದೊಂದು ಬೆಳ್ಳಿ ನಾಣ್ಯ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರು ಸಿಡಿಮಿಡಿಗೊಳ್ಳುತ್ತಾರೆ. ನಿಮಗೆ ಹೇಳಿದ್ದನ್ನು ಕೊಟ್ಟಿದ್ದೇನಲ್ಲ, ನಾನು ಒಳ್ಳೆಯವನಾಗಿರುವುದು ನಿಮ್ಮ ಕಣ್ಣಿಗೆ ಚುಚ್ಚುತ್ತದೆಯೇ ಎಂದು ಯಜಮಾನ ಕೇಳುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ಕೂಲಿಗೆ ನಿಂತು ಗೊತ್ತಿಲ್ಲದವರು ಈ ಕಥೆಯನ್ನು ಓದಿ ಸಂಜೆ ಐದರವರು ಸೋಮಾರಿಗಳು ಎಂದುಕೊಳ್ಳುತ್ತಾರೆ. ನಮ್ಮ ಕಡೆಯವರು ಹಾಗೆ ಅಂದುಕೊಳ್ಳಲಾರರು. ಮೇಸ್ತ್ರಿ ಬಂದು ಆಳು ಆರಿಸುವಾಗ ಮೊದಲು ಯಾರು ಗಾಡಿ ಹತ್ತುತ್ತಾರೆ? ಗಟ್ಟಿ ತೋಳಿನ ಹುಡುಗರು. ಕೊನೆಗೆ ಯಾರು ಉಳಿಯುತ್ತಾರೆ? ಕೆಮ್ಮುವವರು, ವಯಸ್ಸಾದವರು, ಕಂಕುಳಲ್ಲಿ ಕೂಸಿರುವವಳು, ಯಾರ ಜಾತಿ ಕೇಳಿ ಮೇಸ್ತ್ರಿ ಮುಖ ತಿರುಗಿಸುತ್ತಾನೋ ಅವರು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಯ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಗುಳೆ ಹೋಗುವವರನ್ನು ಕಂಡವರಿಗೆ ಇದು ಗೊತ್ತು. ಬೆಂಗಳೂರಿನ ಕಟ್ಟಡಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೋದ ಮನೆಗಳಲ್ಲಿ ಮುದುಕರೂ ಮಕ್ಕಳೂ ಮಾತ್ರ ಉಳಿದಿರುತ್ತಾರೆ. ಐದು ಗಂಟೆಯವರೆಗೆ ನಿಂತವನು ದುಡಿಯದೆಯೇ ದಣಿದಿದ್ದಾನೆ. ಮನೆಯಲ್ಲಿ ಅವನಿಗಾಗಿ ಕಾದಿರುವ ಮಕ್ಕಳ ಹಸಿವು ಅವನ ದುಡಿಮೆಯ ಗಂಟೆಗಳನ್ನು ಲೆಕ್ಕ ಹಾಕುವುದಿಲ್ಲ.

ದೇವರ ರಾಜ್ಯ ಇದಕ್ಕೆ ಸಮಾನ ಎಂದು ಯೇಸು ಹೇಳಿದ. ಯಾರಿಗೆ ಎಷ್ಟು ಯೋಗ್ಯತೆ ಎಂಬ ತೂಕ ಅಲ್ಲಿ ಮೊದಲಿಗೆ ಬರುವುದಿಲ್ಲ, ಯಾರಿಗೆ ಎಷ್ಟು ಬೇಕು ಎಂಬ ತೂಕ ಬರುತ್ತದೆ. ಇದು ದೇವರ ಕೃಪೆಯ ಮಾತು, ಅರ್ಥಶಾಸ್ತ್ರವಲ್ಲ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಕೃಪೆಯನ್ನು ವಿವರಿಸಲು ಯೇಸು ಕೂಲಿಯ ಕಥೆಯನ್ನೇ ಆರಿಸಿಕೊಂಡ ಎಂಬುದನ್ನು ನಾವು ದಾಟಿ ಹೋಗಬಾರದು. ಬಡವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ. ಆ ಯಜಮಾನನೂ ಅದನ್ನು ಮೀರುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಗಂಡಾಳು, ಹೆಣ್ಣಾಳು ಎಂಬ ಭೇದವಿಲ್ಲದೆ ಒಂದೇ ಕೂಲಿ ಎಂದಾಗ, ಅದನ್ನು ಬರೆದವರು ಸುವಾರ್ತೆಯನ್ನು ನೆನೆದು ಬರೆದರೆಂದು ನಾನು ಹೇಳುವುದಿಲ್ಲ. ಹೊಲದಲ್ಲಿ ಗಂಡಿನ ಅರ್ಧಕ್ಕೆ ದುಡಿದು ಬಂದ ಹೆಣ್ಣುಮಗಳು ಮೊದಲ ಸಲ ಸಮನಾದ ಕೂಲಿ ಎಣಿಸಿಕೊಂಡಳಲ್ಲ, ಅಲ್ಲಿ ದೇವರ ಆಳ್ವಿಕೆಯ ಗುರುತು ಇದೆ ಎಂದು ಮಾತ್ರ ಹೇಳುತ್ತೇನೆ. ಯೇಸುವಿನ ಹೆಸರು ಇಲ್ಲದ ಕಡೆಯೂ ಆ ಗುರುತು ಇರಬಹುದು ಎಂಬುದು ನನ್ನ ಗಟ್ಟಿ ನಂಬಿಕೆ.

ಹಾಗಾದರೆ ಸಭೆ, ಅಂದರೆ ಚರ್ಚು, ದೇವರ ರಾಜ್ಯವಲ್ಲವೇ? ಕೆಲವು ಕಾಲ ಚರ್ಚು ತಾನೇ ಅದೆಂದು ತಿಳಿದದ್ದುಂಟು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 313ರಲ್ಲಿ ಕ್ರೈಸ್ತರಿಗೆ ಮಾನ್ಯತೆ ಕೊಟ್ಟ ಮೇಲೆ ಸಾಮ್ರಾಜ್ಯಕ್ಕೂ ದೇವರ ರಾಜ್ಯಕ್ಕೂ ಗೆರೆ ಮಸುಕಾಯಿತು. 410ರಲ್ಲಿ ರೋಮ್ ನಗರವೇ ಸೂರೆಯಾದಾಗ ಅಗಸ್ಟೀನ್ ಎರಡನ್ನೂ ಬಿಡಿಸಿ ನೋಡಲು ಒಂದು ಮಹಾಗ್ರಂಥವನ್ನೇ ಬರೆಯಬೇಕಾಯಿತು. ಅದು ದೂರದ ಮಾತು. ನಮ್ಮ ಹತ್ತಿರದ ಮಾತಿಗೆ ಬರುತ್ತೇನೆ.

ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಆತನೂ ವಿಲಿಯಂ ರೀವ್‌ನೂ ಕನ್ನಡಕ್ಕೆ ತಂದ ಬೈಬಲ್ 1831ರ ಹೊತ್ತಿಗೆ ಪೂರ್ಣವಾಯಿತು. ದೇವರ ರಾಜ್ಯದ ಸಾಮ್ಯಗಳು ಅಚ್ಚಿನ ಕನ್ನಡದಲ್ಲಿ ಓದಲು ಸಿಕ್ಕಿದ್ದು ಹೀಗೆ, ನಮ್ಮ ಜಿಲ್ಲಾಕೇಂದ್ರವಾಗಿದ್ದ ಊರಿನ ದುಡಿಮೆಯಿಂದ. ಅದೇ ಸಂಸ್ಥೆಯವನಾಗಿ ಬಳ್ಳಾರಿಯಲ್ಲಿ ದುಡಿದ ಬರ್ನಾರ್ಡ್ ಲೂಕಸ್ 1907ರಲ್ಲಿ ‘ದಿ ಎಂಪೈರ್ ಆಫ್ ಕ್ರೈಸ್ಟ್’ ಎಂಬ ಪುಸ್ತಕ ಬರೆದ, 1914ರಲ್ಲಿ ‘ಅವರ್ ಟಾಸ್ಕ್ ಇನ್ ಇಂಡಿಯಾ’ ಬರೆದ. ಹಿಂದೂಗಳನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ತಂದು ಸಭೆಯ ಪಟ್ಟಿಗೆ ಸೇರಿಸುವುದು ಒಂದು ಕೆಲಸ, ಕ್ರಿಸ್ತನ ಮನೋಧರ್ಮ ಈ ದೇಶದ ಬದುಕಿನೊಳಗೆ ಇಳಿಯುವಂತೆ ಮಾಡುವುದು ಬೇರೆ ಕೆಲಸ, ಎರಡನೆಯದೇ ನಮ್ಮ ಕೆಲಸ ಎಂಬುದು ಅವನ ವಾದ. ಪಟ್ಟಿಯ ಉದ್ದವನ್ನು ನೋಡಿ ಹಣ ಕಳಿಸುತ್ತಿದ್ದ ಕಾಲದಲ್ಲಿ ಮಿಶನರಿಯೊಬ್ಬ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕಿತ್ತು. ಅವನ ಪುಸ್ತಕದ ಹೆಸರಿನಲ್ಲಿ ಸಾಮ್ರಾಜ್ಯದ ನೆರಳು ಇದೆ, ಅದು ಇಂದು ನನಗೆ ಒಗ್ಗುವುದಿಲ್ಲ. ಅವನು ಎತ್ತಿದ ಪ್ರಶ್ನೆ ಮಾತ್ರ ಇನ್ನೂ ಹಳತಾಗಿಲ್ಲ.

ಅದೇ ಕಾಲಕ್ಕೆ ಮರಾಠಿ ಕವಿ ನಾರಾಯಣ ವಾಮನ ಟಿಳಕರು ಸಾತಾರದಲ್ಲಿ 1917ರಲ್ಲಿ ‘ದೇವಾಚಾ ದರಬಾರ’ ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನ ಪಡೆದವರೂ ಪಡೆಯದವರೂ ಅಲ್ಲಿ ಯೇಸುವಿನ ಶಿಷ್ಯರಾಗಿ ಒಟ್ಟಿಗೆ ಕೂರಬಹುದಿತ್ತು. ಎರಡು ವರ್ಷದೊಳಗೆ ಅವರು ತೀರಿಕೊಂಡರು.

ಕನ್ನಡದಲ್ಲಿ ಈ ದಾರಿಯನ್ನು ಆಳವಾಗಿ ತುಳಿದವರು ಉತ್ತಂಗಿ ಚೆನ್ನಪ್ಪನವರು. ಅವರ ಹೆಸರಿನಲ್ಲಿರುವ ಉತ್ತಂಗಿ ನಮ್ಮ ಹಡಗಲಿ ತಾಲ್ಲೂಕಿನ ಊರು, ಅವರ ಮನೆತನದ ಮೂಲ ಅಲ್ಲಿಯದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ಬಾಳಿ, 1962ರಲ್ಲಿ ತೀರಿಕೊಂಡರು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪ ಬರಿಯ ಕಟ್ಟುಕಥೆ ಎಂದವರಿಗೆ ಎದುರಾಗಿ ನಿಂತು ಅದರ ಐತಿಹಾಸಿಕತೆಯನ್ನು ವಾದಿಸಿ ಬರೆದರು. ಸಿದ್ಧರಾಮ, ಮೋಳಿಗೆ ಮಾರಯ್ಯ, ಆದಯ್ಯ ಇವರ ವಚನಗಳಿಗೆ ತಮ್ಮ ವಯಸ್ಸಾದ ಕಣ್ಣುಗಳನ್ನು ಸವೆಸಿದರು. ಜನ ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕದಲ್ಲಿ ಅವರು ಗೆಲ್ಲಬಂದವರ ದನಿಯಲ್ಲಿ ಮಾತಾಡದೆ, ಬೇಡಿಕೊಳ್ಳುವವರ ದನಿಯಲ್ಲಿ ಮಾತಾಡಿದರು.

ಸಭಾಪಾಲಕನಿಗೆ ಏಕೆ ಬೇಕಿತ್ತು ಸರ್ವಜ್ಞನ ಗೊಡವೆ ಎಂದು ಕೇಳುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ. ನಾನು ಅದನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ದೇವರು ಚರ್ಚಿನ ಗೋಡೆಯೊಳಗೆ ಮಾತ್ರ ಆಳುತ್ತಾನೆಂದು ನಂಬಿದವನಿಗೆ ಸರ್ವಜ್ಞ ಹೊರಗಿನವನು. ದೇವರ ಆಳ್ವಿಕೆ ಲೋಕವನ್ನೆಲ್ಲ ಹಿಡಿದದ್ದು ಎಂದು ನಂಬಿದವನಿಗೆ ಸತ್ಯ ಎಲ್ಲಿ ನುಡಿದರೂ ಅದು ತನ್ನ ಒಡೆಯನ ಮಾತೇ. ದಾಸೋಹದಲ್ಲಿ, ಕಾಯಕದಲ್ಲಿ, ಕೆಳಜಾತಿಯವನೆಂದು ದೂಡಿದವನನ್ನು ಅಣ್ಣಾ ಎಂದು ಕರೆದು ಪಕ್ಕದಲ್ಲಿ ಕೂರಿಸಿದ ಆ ಮಂಟಪದಲ್ಲಿ ಉತ್ತಂಗಿಯವರು ಯೇಸುವಿನ ಪಂಕ್ತಿಯ ಗುರುತನ್ನು ಕಂಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಅವರು ಕ್ರಿಸ್ತನನ್ನು ಬಿಟ್ಟು ಬಸವಣ್ಣನ ಕಡೆಗೆ ಹೋಗಲಿಲ್ಲ. ಕ್ರಿಸ್ತನ ಕೈಹಿಡಿದೇ ಹೋದರು.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿಟ್ಟ ಸ್ಮಾರಕವಿದೆ. ಅದರ ಮುಂದೆ ಹಾದುಹೋಗುವವರಿಗೆ ಒಂದು ಸಂಗತಿ ತಿಳಿದಿರಲಿ. ದಕ್ಷಿಣ ಆಫ್ರಿಕದಲ್ಲಿ ತರುಣ ವಕೀಲನಾಗಿದ್ದಾಗ ಗಾಂಧಿಯವರ ಮನಸ್ಸನ್ನು ಅಲುಗಿಸಿದ ಪುಸ್ತಕಗಳಲ್ಲಿ ಟಾಲ್‌ಸ್ಟಾಯ್‌ನ ‘ದಿ ಕಿಂಗ್‌ಡಮ್ ಆಫ್ ಗಾಡ್ ಈಸ್ ವಿದಿನ್ ಯು’ ಒಂದು. ರಷ್ಯದಲ್ಲಿ ನಿಷೇಧಕ್ಕೊಳಗಾಗಿ, 1894ರಲ್ಲಿ ಜರ್ಮನಿಯಲ್ಲಿ ಮೊದಲು ಅಚ್ಚಾದ ಪುಸ್ತಕ ಅದು. ಹೊಡೆದವನನ್ನು ಹೊಡೆಯದೆ ಎದುರಿಸುವುದೇ ದೇವರ ರಾಜ್ಯದ ನಡೆ ಎಂದು ಟಾಲ್‌ಸ್ಟಾಯ್ ಅದರಲ್ಲಿ ವಾದಿಸುತ್ತಾನೆ. ‘ಹಿಂದ್ ಸ್ವರಾಜ್’ ಬರೆದಾಗ ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಗಾಂಧೀಜಿ ಇದನ್ನು ಸೇರಿಸಿದರು. 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ರಾಮರಾಜ್ಯವನ್ನು ವಿವರಿಸುತ್ತಾ, ಅದನ್ನು ಹಿಂದೂಗಳ ರಾಜ್ಯ ಎಂದು ತಿಳಿಯಬೇಡಿ, ನನ್ನ ಅರ್ಥ ದೇವರ ರಾಜ್ಯ ಎಂದು ಬರೆದರು. ಗಲಿಲಾಯದ ಮಾತು ರಷ್ಯದ ಹಳ್ಳಿಯನ್ನೂ ಆಫ್ರಿಕದ ಆಶ್ರಮವನ್ನೂ ಸುತ್ತಿ ಬಂದು ನಮ್ಮ ಸ್ವಾತಂತ್ರ್ಯ ಹೋರಾಟದೊಳಗೆ ಸೇರಿಕೊಂಡ ಬಗೆ ಇದು. ಕ್ರೈಸ್ತರಾಗದವರ ಕೈಯಿಂದ ದೇವರ ರಾಜ್ಯದ ಕೆಲಸ ನಡೆದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಈ ಸೀಮೆಯ ಒಂದು ನೋವನ್ನು ಬಿಟ್ಟು ದೇವರ ರಾಜ್ಯದ ಮಾತಾಡಿದರೆ ನನ್ನ ಮಾತು ಟೊಳ್ಳಾಗುತ್ತದೆ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ದೇವದಾಸಿ ಪದ್ಧತಿ ನಮ್ಮ ತಾಲ್ಲೂಕುಗಳಲ್ಲಿ ಬೇರೂರಿತ್ತು. ಬಳ್ಳಾರಿ ಮದರಾಸಿನಲ್ಲಿದ್ದಾಗಲೇ 1947ರಲ್ಲಿ ಅದರ ವಿರುದ್ಧ ಕಾನೂನು ಬಂತು. ಕರ್ನಾಟಕದಲ್ಲಿ 1982ರಲ್ಲಿ ಮತ್ತೊಂದು ಕಾನೂನಾಯಿತು. ಕಾನೂನು ಬಂದ ಮೇಲೂ ಎಷ್ಟೋ ತಾಯಂದಿರು, ಬಹುಪಾಲು ದಲಿತರು, ಆ ಹೊರೆ ಹೊತ್ತರು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯುವ ಜಾಗ ಬಂದಾಗ ತಲೆತಗ್ಗಿಸಿದರು. ಧರ್ಮದ ಗುತ್ತಿಗೆ ಹಿಡಿದಿದ್ದವರನ್ನು ನೋಡಿ ಯೇಸು, ನೀವು ಹೀನವಾಗಿ ಕಾಣುವ ಹೆಂಗಸರು ನಿಮಗಿಂತ ಮುಂದಾಗಿ ದೇವರ ರಾಜ್ಯ ಸೇರುತ್ತಿದ್ದಾರೆ ಎಂದ. ಶಿಷ್ಯರು ಮಕ್ಕಳನ್ನು ಗದರಿ ಓಡಿಸಿದಾಗ ಅವರ ಮೇಲೆ ಸಿಟ್ಟಾದ, ಮಕ್ಕಳನ್ನು ಎತ್ತಿಕೊಂಡು, ರಾಜ್ಯ ಇಂಥವರದು ಎಂದ. ಯಾರ ಮಗು ಎಂದು ಕೇಳಲಿಲ್ಲ. ಆ ತಾಯಂದಿರು ಸಂಘ ಕಟ್ಟಿಕೊಂಡು ಪಿಂಚಣಿಗೂ ಮಕ್ಕಳ ಹಕ್ಕಿಗೂ ಕಚೇರಿಗಳ ಮುಂದೆ ಕೂತಾಗ, ರಾಜ್ಯ ಯಾರದೆಂದು ಯೇಸು ಹೇಳಿದನೋ ಅವರೇ ಅಲ್ಲಿ ಕೂತಿದ್ದರು.

ಇಲ್ಲಿ ಕ್ರೈಸ್ತ ಸಭೆ ಬೇರೆಯವರ ಕಡೆ ಬೆರಳು ತೋರಿಸುವ ಹಾಗಿಲ್ಲ. ಈ ನಾಡಿನ ಸಭೆಗಳೊಳಗೂ ಜಾತಿ ಬಂದು ಕೂತಿತು. ಮದುವೆಯ ಮಾತುಕತೆಯಲ್ಲಿ ಕೂತಿತು, ಕೆಲವು ಕಡೆ ಸ್ಮಶಾನದಲ್ಲಿಯೂ ಕೂತಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಬಿರುಸಾಯಿತು. ಈ ದೇಶದ ಕ್ರೈಸ್ತರಲ್ಲಿ ಬಹುಪಾಲು ದಲಿತರೇ ಆಗಿರುವಾಗ ಅವರ ನೋವು ನಮ್ಮ ದೇವಶಾಸ್ತ್ರದಲ್ಲಿ ಏಕಿಲ್ಲ ಎಂಬ ಪ್ರಶ್ನೆ ಅದು. ಸಭೆ ದೇವರ ರಾಜ್ಯವಾಗಿದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ. ಸಭೆ ಆ ರಾಜ್ಯದ ಸೇವಕಿ. ಸೇವಕಿ ತಾನೇ ಒಡತಿ ಎಂದುಕೊಂಡಾಗಲೆಲ್ಲ ಮನೆ ಕೆಟ್ಟಿದೆ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ದೇವರ ರಾಜ್ಯವನ್ನು ನಾವೇ ಕಟ್ಟಬೇಕೇ, ಕಟ್ಟಬಲ್ಲೆವೇ ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ವಾಲ್ಟರ್ ರೌಶೆನ್‌ಬುಷ್‌ನಂಥವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಮಾಜ ಸುಧಾರಣೆಯ ಮೂಲಕ ಅದು ಬೆಳೆದು ಬರುತ್ತದೆಂದು ತುಂಬು ಭರವಸೆಯಿಂದ ಬರೆದರು. ಆಲ್ಬರ್ಟ್ ಶ್ವೈಟ್ಸರ್ 1906ರಲ್ಲಿ ಬೇರೆ ಮಾತು ಹೇಳಿದ್ದ. ಯೇಸು ನಿರೀಕ್ಷಿಸಿದ್ದು ನಿಧಾನದ ಸುಧಾರಣೆಯನ್ನಲ್ಲ, ದೇವರೇ ಬಂದು ಚರಿತ್ರೆಯನ್ನು ತಿರುಗಿಸುವ ಗಳಿಗೆಯನ್ನು ಎಂದು. ಎರಡು ಮಹಾಯುದ್ಧಗಳು ಸುಧಾರಣೆಯ ಭರವಸೆಯನ್ನು ಪುಡಿಮಾಡಿದವು. 1946ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದ ಓಸ್ಕರ್ ಕುಲ್ಮನ್ ಯುದ್ಧದಿಂದಲೇ ಒಂದು ಸಾದೃಶ್ಯ ತೆಗೆದುಕೊಂಡ. ಯುದ್ಧದ ಗತಿಯನ್ನು ನಿರ್ಣಯಿಸುವ ಕಾಳಗ ಮುಗಿದ ಮೇಲೂ ಕೊನೆಯ ಜಯದ ದಿನ ಬರುವವರೆಗೆ ಹೋರಾಟ ನಡೆಯುತ್ತಲೇ ಇರುತ್ತದೆ. ಕ್ರಿಸ್ತನ ಶಿಲುಬೆ ಮತ್ತು ಪುನರುತ್ಥಾನದಲ್ಲಿ ನಿರ್ಣಯ ಆಗಿದೆ, ಪೂರ್ಣತೆ ಮುಂದಿದೆ, ನಾವು ನಡುವಣ ಕಾಲದವರು ಎಂದು ಆತ ಬರೆದ. ಇಂದು ಹೆಚ್ಚಿನ ಕ್ರೈಸ್ತ ಪಂಡಿತರು ಈ ಮಾತಿನ ಆಸುಪಾಸಿನಲ್ಲಿ ನಿಲ್ಲುತ್ತಾರೆ.

ನನಗೆ ಇದಕ್ಕಿಂತ ಮಾರ್ಕನು ಬರೆದಿಟ್ಟ ಪುಟ್ಟ ಸಾಮ್ಯ ಹೆಚ್ಚು ಹೇಳುತ್ತದೆ. ಒಬ್ಬ ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಅವನಿಗೆ ತಿಳಿಯದ ಹಾಗೆ ಅದು ಮೊಳೆತು ಬೆಳೆಯುತ್ತದೆ. ಮೊದಲು ಗರಿ, ಆಮೇಲೆ ತೆನೆ, ತೆನೆಯಲ್ಲಿ ತುಂಬಿದ ಕಾಳು. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಮಸಾರಿ ಹೊಲದಲ್ಲಿ ಶೇಂಗಾ ಬಿತ್ತುವವರಿಗೆ ಇದರ ಎರಡು ಮಗ್ಗುಲೂ ಗೊತ್ತು. ಹದ ನೋಡಿ ಕೂರಿಗೆ ಹೂಡದವನಿಗೆ ಬೆಳೆಯಿಲ್ಲ. ಕೂರಿಗೆ ಹೂಡಿದವನೂ ಮೊಳಕೆಯನ್ನು ಮಣ್ಣಿನಿಂದ ಎಳೆದು ತೆಗೆಯಲಾರ. ದೇವರ ರಾಜ್ಯವನ್ನು ನಾವು ತರುವುದಿಲ್ಲ. ಆದರೆ ಅದು ಬರುವ ಹೊಲದಲ್ಲಿ ನಮಗೆ ಕೆಲಸವಿದೆ. ನಾವು ಸೋತ ಕಡೆ ದೇವರು ಸೋತನೆಂದು ತಿಳಿಯಬೇಕಾಗಿಲ್ಲ, ನಾವು ಗೆದ್ದ ಕಡೆ ರಾಜ್ಯ ಪೂರ್ತಿ ಬಂತೆಂದು ಬೀಗಬೇಕಾಗಿಯೂ ಇಲ್ಲ. ಈ ಎರಡು ಬಿಡುಗಡೆಗಳಿಲ್ಲದೆ ಒಳ್ಳೆಯ ಕೆಲಸ ಮಾಡಹೊರಟವರು ಒಂದೋ ನಿರಾಶರಾಗಿದ್ದಾರೆ, ಇಲ್ಲವೇ ಕ್ರೂರಿಗಳಾಗಿದ್ದಾರೆ.

ಕೊನೆಗೆ ಆ ಅರಸ ಸಿಂಹಾಸನದ ಮೇಲೆ ಕೂತು ವಿಚಾರಣೆ ಮಾಡುವ ಚಿತ್ರವೊಂದನ್ನು ಮತ್ತಾಯ ಕೊಡುತ್ತಾನೆ. ಕೇಳುವ ಪ್ರಶ್ನೆಗಳು ಆರು. ಹಸಿದಿದ್ದಾಗ ಊಟ ಕೊಟ್ಟಿರಾ, ಬಾಯಾರಿದಾಗ ನೀರು ಕೊಟ್ಟಿರಾ, ಪರಸ್ಥಳದವನಾಗಿ ಬಂದಾಗ ಮನೆಗೆ ಕರೆದಿರಾ, ಬಟ್ಟೆಯಿಲ್ಲದಾಗ ಉಡಿಸಿದಿರಾ, ರೋಗದಲ್ಲಿ ಆರೈಕೆ ಮಾಡಿದಿರಾ, ಸೆರೆಮನೆಯಲ್ಲಿದ್ದಾಗ ನೋಡಬಂದಿರಾ. ಬಲಗಡೆಯವರೂ ಎಡಗಡೆಯವರೂ ಒಂದೇ ರೀತಿ ಬೆರಗಾಗಿ, ನಿನ್ನನ್ನು ನಾವು ಎಲ್ಲಿ ಕಂಡೆವು ಎನ್ನುತ್ತಾರೆ. ಅತ್ಯಲ್ಪನಾದವನಿಗೆ ಮಾಡಿದ್ದು ನನಗೇ ಮಾಡಿದ್ದು ಎಂಬುದು ಅರಸನ ಉತ್ತರ. ನೀನು ಯಾವ ಸಭೆಯವನು, ದೀಕ್ಷಾಸ್ನಾನದ ಪುಸ್ತಕದಲ್ಲಿ ನಿನ್ನ ಹೆಸರಿದೆಯೇ ಎಂಬ ಪ್ರಶ್ನೆ ಅಲ್ಲಿ ಇಲ್ಲ. ಇದನ್ನು ನಾನು ಮೊದಲು ನನ್ನ ಸಭೆಯವರಿಗೇ ಹೇಳುತ್ತೇನೆ. ಗುಳೆ ಹೋದವನ ಮನೆಯಲ್ಲಿ ಉಳಿದ ಮುದುಕಿಗೆ ಈ ವಾರ ಯಾರು ಔಷಧಿ ತಂದುಕೊಟ್ಟರು, ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಯಾರೂ ಇಲ್ಲದೆ ಮಲಗಿದವನ ಹತ್ತಿರ ಯಾರು ಕೂತರು ಎಂದು ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಶುರುವಾಗಲಿ.